ಹಿಡಿಕೆಯ ಮೇಲಿನ ಕೆಂಪು ಟೋಪಿ

ಹೆಸರು: ಡೆವೋಟಾ ಲಂತೇರಿ
ತಂದೆ: ದಿವಂಗತ ಜುವಾನ್ ಲಂತೇರಿ
ವಯಸ್ಸು: ಐವತ್ತಮೂರು
ಕಸುಬು: ಅಣ್ಣ ತಮ್ಮಂದಿರ ಜೊತೆ ಬಂದರಿನಲ್ಲಿ ತೊಡರಿಕೊಂಡ ಲಂಗರು ಬಿಡಿಸುವ ಕೆಲಸ
ವಾಸ: ಮೊನಾಕೊ, ಲಾ ಕೊಂದಮಿನ್, ಮಾರುಕಟ್ಟೆಯ ಹಿಂದಿನ ಬೀದಿ, ನಾಲ್ಕನೇ ಮಹಡಿ

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು, ತಮ್ಮೆದುರು ಕುಳಿತು ಬರೆಸುತ್ತಿರುವುದು ಏನೆಂದರೆ:

ಮಂಗಳವಾರ ಸಂಜೆ ಇದೇ ಮೇಜಿನ ಮುಂದೆ ನಾನು ಕೊಟ್ಟ ಹೇಳಿಕೆಯಲ್ಲಿ ಒಂದು ಸುಳ್ಳು ಇದೆ. ‘ಕ್ಲೋರಿಂಡಾ’ ಎಂಬ ನೌಕೆಗೆ ಹತ್ತುವ ಹಲಗೆ ತಾನಾಗಿಯೇ ಜಾರಿ ನೀರಿಗೆ ಬಿತ್ತು ಎಂದು ಹೇಳಿದ್ದೆ. ಅದು ಹಾಗಲ್ಲ. ಹೇಗೆ ಎಂಬುದನ್ನು ಅದು ಬರುವ ಜಾಗದಲ್ಲೇ ಹೇಳುತ್ತೇನೆ, ಮೊದಲಿನಿಂದ ಬರೆದುಕೊಳ್ಳಿ. ನನ್ನ ಅಣ್ಣ ಒನೊರೆ ಲಂತೇರಿ, ವಯಸ್ಸು ಐವತ್ತೆಂಟು, ಈಗ ತಮ್ಮ ವಶದಲ್ಲಿದ್ದಾನೆ. ನನ್ನ ತಮ್ಮ ಲುಡೊ, ವಯಸ್ಸು ನಲವತ್ತನಾಲ್ಕು, ಆಸ್ಪತ್ರೆಯ ಶವಾಗಾರದಲ್ಲಿದ್ದಾನೆ. ಆಸ್ಟ್ರಿಯಾ ದೇಶದ ಗೆರ್ನೊಟ್ ಪಿಖ್ಲರ್ ಎಂಬವರು ಇವತ್ತು ಬೆಳಗಿನ ಜಾವ ಅದೇ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಣ್ಣನ ಮೇಲೆ ಕೊಲೆಯ ಆರೋಪ ಬರುತ್ತದೆ ಎಂದು ನನಗೆ ತಿಳಿದಿದೆ. ಅವನನ್ನು ಉಳಿಸುವ ಮಾತು ಯಾವುದು ಎಂಬುದೂ ತಿಳಿದಿದೆ.

ನಮ್ಮ ಬಂದರಿನಲ್ಲಿ ನೌಕೆಗಳು ದಕ್ಕೆಗೆ, ಅಂದರೆ ದಡದ ಕಲ್ಲುಕಟ್ಟೆಗೆ, ಹಿಂಭಾಗ ಕೊಟ್ಟು ನಿಲ್ಲುತ್ತವೆ. ಮುಂದಿನ ಮೂತಿಯ ಕಡೆಯಿಂದ ಲಂಗರನ್ನು ನೀರಿನ ನಡುವೆ ಹಾಕಿರುತ್ತಾರೆ. ಕಾರ್ ರೇಸಿನ ವಾರದಲ್ಲಿ ಸೂಜಿ ತೂರಿಸಲು ಜಾಗವಿರುವುದಿಲ್ಲವಾದ್ದರಿಂದ ಒಬ್ಬರ ಸರಪಳಿಯ ಮೇಲೆ ಇನ್ನೊಬ್ಬರ ಸರಪಳಿ ಬೀಳುತ್ತದೆ. ಇಲ್ಲೇ ಹುಟ್ಟಿದ ತಮಗೆ ಇದನ್ನು ಹೇಳಬೇಕಾಗಿಲ್ಲ, ಆದರೆ ಓದುವ ನ್ಯಾಯಾಧೀಶರು ಹೊರಗಿನವರಾಗಿರಬಹುದು. ಆ ತೊಡಕು ಬಿಡಿಸುವುದು ನಮ್ಮ ಕೆಲಸ. ಲುಡೊ ನೀರಿನ ತಳಕ್ಕೆ ಇಳಿಯುತ್ತಾನೆ. ಒನೊರೆ ಚಿಕ್ಕ ದೋಣಿಯಲ್ಲಿ ಕುಳಿತು ಅವನ ಸೊಂಟದ ಹಗ್ಗ ಹಿಡಿದಿರುತ್ತಾನೆ. ನಾನು ದಕ್ಕೆಯ ಮೇಲೆ ಗಾಳಿಯ ಸಿಲಿಂಡರು, ಫೋನು ಮತ್ತು ಕ್ಯಾಪ್ಟನ್‌ಗಳ ಬೈಗುಳ ನೋಡಿಕೊಳ್ಳುತ್ತೇನೆ.

ಇನ್ನೊಂದು ಸಂಗತಿಯನ್ನು ಇಲ್ಲೇ ಬರೆದುಕೊಳ್ಳಬೇಕು. ನೀರಿಗಿಳಿಯುವವನು ಮೊದಲು ನೌಕೆಯ ಮೂತಿಗೆ ಹೋಗಿ, ಲಂಗರು ಎತ್ತುವ ಯಂತ್ರದ ಹಿಡಿಕೆಯ ಮೇಲೆ ತನ್ನ ಕೆಂಪು ಉಣ್ಣೆ ಟೋಪಿಯನ್ನು ಕೈಯಾರೆ ಮುಚ್ಚುತ್ತಾನೆ. ಮೇಲೆ ಬಂದ ನಂತರ ಕೈಯಾರೆ ತೆಗೆಯುತ್ತಾನೆ. ಬೇರೆ ಯಾರೂ, ನೌಕೆಯ ಮಾಲೀಕನೇ ಆಗಲಿ, ಅದನ್ನು ಮುಟ್ಟುವುದಿಲ್ಲ. ನಮ್ಮ ಅಪ್ಪನ ಕಾಲದಿಂದ ನಡೆದು ಬಂದದ್ದು. ಟೋಪಿ ಇದ್ದರೆ ಕೆಳಗೆ ಮನುಷ್ಯನಿದ್ದಾನೆ, ಟೋಪಿ ಇಲ್ಲದಿದ್ದರೆ ಇಲ್ಲ. ಯಂತ್ರದ ಫ್ಯೂಸ್ ತೆಗೆದು ಜೇಬಿನಲ್ಲಿಟ್ಟುಕೊಳ್ಳಿ ಎಂದು ಹೊಸ ಕ್ಯಾಪ್ಟನ್‌ಗಳು ಹೇಳಿದಾಗ ನಾವು ಮೂವರೂ ನಕ್ಕಿದ್ದೇವೆ. ಅಪ್ಪನ ಟೋಪಿಯನ್ನು ಮೀರಿದ ಬೀಗ ಉಂಟೇ ಎಂದು ನಾನೇ ಒಬ್ಬನಿಗೆ ಉಪದೇಶ ಮಾಡಿದ್ದೆ.

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಕ್ಲೋರಿಂಡಾದ ಕ್ಯಾಪ್ಟನ್ ಫೋನ್ ಮಾಡಿ, ಪಕ್ಕದ ನೌಕೆಯವರು ನಮ್ಮ ಸರಪಳಿಯ ಮೇಲೆ ಲಂಗರು ಎಳೆದುಹಾಕಿದ್ದಾರೆ, ಮಧ್ಯಾಹ್ನ ಮಾಲೀಕರು ಅತಿಥಿಗಳನ್ನು ಸಮುದ್ರಕ್ಕೆ ಕರೆದೊಯ್ಯಬೇಕು, ಬೇಗ ಬನ್ನಿ ಎಂದರು. ನಾವು ಹತ್ತು ಗಂಟೆಯ ಹೊತ್ತಿಗೆ ಅಲ್ಲಿದ್ದೆವು. ಕ್ಲೋರಿಂಡಾ ಇಪ್ಪತ್ತೆಂಟು ಮೀಟರಿನದು, ಆ ಸಾಲಿನಲ್ಲಿ ಚಿಕ್ಕದೆಂದೇ ಲೆಕ್ಕ. ದಕ್ಕೆಗೂ ಅದಕ್ಕೂ ನಡುವೆ ಎರಡೂವರೆ ಮೀಟರ್ ನೀರು. ಅದರ ಮೇಲೆ ಅಲ್ಯುಮಿನಿಯಂ ಹಲಗೆ. ಹತ್ತಲು ಇಳಿಯಲು ಬೇರೆ ದಾರಿ ಇರಲಿಲ್ಲ.

ಲುಡೊ ರಬ್ಬರ್ ಉಡುಪಿನ ಜಿಪ್ ಹಾಕಲಾಗದೆ ಒದ್ದಾಡುತ್ತಿದ್ದ. ನಾನು ಹಿಂದಿನಿಂದ ಎಳೆದು ಹಾಕಿದೆ. “ಈ ಹೊಟ್ಟೆ ತಗೊಂಡು ಮುಳುಗ್ತೀಯಾ, ತೇಲ್ತೀಯಾ?” ಎಂದು ಕೇಳಿದೆ. “ನೀನು ಮಾಡಿ ಹಾಕಿದ್ದೇ ಅಲ್ವೇನಕ್ಕಾ ಇದು, ನನ್ನ ಯಾಕೆ ಬೈತೀಯ?” ಎಂದ. ಒನೊರೆ ದೋಣಿಯಿಂದ, “ಅಕ್ಕ ತಮ್ಮನ ಸರಸ ಮುಗೀತಾ? ಬಿಸಿಲು ನೆತ್ತಿಗೆ ಬರ್ತಿದೆ” ಎಂದು ಕೂಗಿದ. ಲುಡೊ ಹಲಗೆ ಹತ್ತಿ ಮೂತಿಯ ಕಡೆ ಹೋಗಿ, ಹಿಡಿಕೆಗೆ ಟೋಪಿ ಮುಚ್ಚಿ, ಅಲ್ಲಿದ್ದ ಆಳು ಸಿಲ್ವೆಸ್ತ್ರ್‌ಗೆ ತೋರಿಸಿ, ಮೂತಿಯಿಂದಲೇ ನೀರಿಗೆ ಹಾರಿದ. ಸಿಲ್ವೆಸ್ತ್ರ್ ಮೇಲಿನ ಬೋಸೊಲೇ ಊರಿನವನು, ಈ ಬಂದರಿನಲ್ಲಿ ಬೆಳೆದವನು. ಟೋಪಿ ಏನೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ.

ಸುಮಾರು ಹತ್ತೂ ಇಪ್ಪತ್ತಕ್ಕೆ ಪಿಖ್ಲರ್ ಅವರು ಊರು ಸುತ್ತಾಡಿ ದಕ್ಕೆಗೆ ಬಂದರು. ಮಾಲೀಕರ ಬಾಲ್ಯದ ಗೆಳೆಯ, ಗುಡ್ಡಗಾಡಿನ ಯಾವುದೋ ಊರಿನಲ್ಲಿ ರೈಲ್ವೆಯಲ್ಲಿದ್ದು ನಿವೃತ್ತರಾದವರು ಎಂದು ಅವರೇ ಹೇಳಿದರು. ಹಿಂದಿನ ದಿನ ರೈಲಿನಲ್ಲಿ ಬಂದಿದ್ದರು. ಹೆಂಡತಿಗೆ ಮಂಡಿನೋವು, ಊರಿನಲ್ಲೇ ಉಳಿದಿದ್ದಾರೆ ಎಂದರು. ನೌಕೆ ಹತ್ತುವವರು ಚಪ್ಪಲಿ ಬಿಡುವ ಬುಟ್ಟಿಯಲ್ಲಿ ತಮ್ಮ ಶೂ ಬಿಟ್ಟರು, ಆದರೆ ಹತ್ತಲಿಲ್ಲ. ಕಾಲುಚೀಲದಲ್ಲೇ ನನ್ನ ಪಕ್ಕದ ಕಲ್ಲಿನ ಮೇಲೆ ಕುಳಿತರು. ಮಾತಾಡಲು ಜನ ಬೇಕಾಗಿತ್ತು ಅವರಿಗೆ. ಶಾಲೆಯಲ್ಲಿ ಕಲಿತ ಫ್ರೆಂಚ್, ಒಂದೊಂದು ಪದಕ್ಕೂ ಆಕಾಶ ನೋಡಿ ಹುಡುಕಿ ತರುತ್ತಿದ್ದರು.

ನಮ್ಮ ಊರಿನ ಬಗ್ಗೆ ಅವರು ಹೇಳಿದ್ದನ್ನು ಬರೆದುಕೊಳ್ಳಬೇಕೆಂದು ಕೋರುತ್ತೇನೆ. ಇದರಿಂದ ತನಿಖೆಗೆ ಏನು ಪ್ರಯೋಜನ ಎಂದು ತಾವು ಕೇಳಿದಿರಿ. ಸತ್ತವರು ಎಂಥವರು ಎಂದು ಈ ಕಾಗದದಲ್ಲಿ ಒಂದು ಕಡೆಯಾದರೂ ಇರಲಿ, ಅಷ್ಟೇ.

ಬೀದಿಯಲ್ಲಿ ಪುಕ್ಕಟೆ ಲಿಫ್ಟ್ ಇಟ್ಟಿರುವ ಊರನ್ನು ತಾವು ಜೀವನದಲ್ಲಿ ನೋಡಿಲ್ಲವೆಂದೂ, ಬೆಳಿಗ್ಗೆ ಮೂರು ಸಲ ಹತ್ತಿ ಇಳಿದದ್ದಾಗಿಯೂ ಹೇಳಿದರು. ಸಿಗರೇಟಿನ ಬೂದಿ ಕೆಡವಲು ಧೈರ್ಯ ಸಾಲದೆ ಅಂಗೈಯಲ್ಲಿ ಹಿಡಿದುಕೊಂಡೇ ಅರ್ಧ ಊರು ನಡೆದರಂತೆ. ಕಾಫಿಯ ಬೆಲೆ ಕೇಳಿ ಬರೀ ನೀರು ಕುಡಿದರಂತೆ, ನೀರಿಗೂ ದುಡ್ಡು ತೆಗೆದುಕೊಂಡರಂತೆ. ಕಾರುಗಳನ್ನು ನಿಲ್ಲಿಸಿದ ರೀತಿ ನೋಡಿದರೆ ಮದುವೆಗೆ ಹೆಣ್ಣು ತೋರಿಸಿದ ಹಾಗಿದೆ ಎಂದರು. ನನಗೆ ನಗು ಬಂತು. ಎಷ್ಟು ಬಾಲ್ಕನಿ ನೋಡಿದರೂ ಒಂದು ಒದ್ದೆ ಅಂಗಿ ಕಾಣಲಿಲ್ಲ, ಈ ಊರಿನವರ ಬಟ್ಟೆ ಕೊಳೆಯಾಗುವುದೇ ಇಲ್ಲವೇ ಎಂದು ಕೇಳಿದರು.

“ಒಗೀತೀವಿ ಯಜಮಾನ್ರೇ, ಒಳಗೇ ಒಣಗಿಸ್ತೀವಿ. ಹೊರಗೆ ಹಾಕಿದ್ರೆ ಊರಿನ ಮರ್ಯಾದೆ ಹೋಗುತ್ತಂತೆ,” ಎಂದೆ.

“ಒಂದು ಮಾತು ಕೇಳ್ಲಾ ಮದಾಮ್, ಬೇಜಾರು ಮಾಡ್ಕೋಬೇಡಿ. ಬೆಳಿಗ್ಗೆಯಿಂದ ನೋಡ್ತಿದ್ದೀನಿ, ಇಲ್ಲಿ ಒಬ್ರೂ ಕೆಲಸ ಮಾಡೋದು ಕಾಣ್ಲಿಲ್ಲ.”

“ಕೆಲಸ ಮಾಡೋರು ನೀರಿನ ಕೆಳಗಿದ್ದಾರೆ. ನನ್ನ ತಮ್ಮ ಅಲ್ಲೇ ಇದ್ದಾನೆ, ನಿಮ್ಮ ಹಡಗಿನ ಮೂತಿ ಕೆಳಗೆ. ಹನ್ನೆರಡು ಮೀಟರ್ ಆಳದಲ್ಲಿ.”

ಅವರು ಎದ್ದು ನಿಂತರು. ನಿಜವಾಗಿಯೂ ಕಾಣುತ್ತಾರಾ ಎಂದರು. ಮನುಷ್ಯ ಕಾಣುವುದಿಲ್ಲ, ಗುಳ್ಳೆ ಕಾಣುತ್ತದೆ, ಮುಂದೆ ಹೋಗಿ ನೋಡಿ ಎಂದೆ. ನಾನು ಊಟಕ್ಕೆ ತಂದಿದ್ದ, ಸೊಪ್ಪು ತುಂಬಿ ಕರಿದ ಬಾರ್ಬಜುವಾನ್ ಒಂದನ್ನು ಕೈಗೆ ಕೊಟ್ಟೆ. ಅದನ್ನು ತಿನ್ನುತ್ತಾ ಹಲಗೆಯ ಮೇಲೆ ಹುಷಾರಾಗಿ ಹೆಜ್ಜೆಯಿಟ್ಟು ಹತ್ತಿ ಹೋದರು. ಮುಂದೆ ಹೋಗಿ ನೋಡಿ ಎಂದವಳು ನಾನೇ. ಅಲ್ಲಿ ಒಂದು ಟೋಪಿ ಇರುತ್ತದೆ, ಮುಟ್ಟಬೇಡಿ ಎನ್ನಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ಬೆಂಕಿ ಸುಡುತ್ತದೆ ಎಂದು ದೊಡ್ಡವರಿಗೆ ಯಾರಾದರೂ ಹೇಳುತ್ತಾರೆಯೇ?

ಮೂತಿಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಸಿಲ್ವೆಸ್ತ್ರ್ ನನ್ನ ಮುಂದೆಯೇ ಕೂಗಿ ಹೇಳಿದ್ದು ಮತ್ತು ಪಿಖ್ಲರ್ ಅವರ ಫೋನಿನಲ್ಲಿ ತಾವು ನನಗೆ ತೋರಿಸಿದ ಫೋಟೋ, ಎರಡನ್ನೂ ಸೇರಿಸಿ ಹೇಳುತ್ತೇನೆ. ಪಿಖ್ಲರ್ ಅವರು ಕಂಬಿಯ ಮೇಲೆ ಬಗ್ಗಿ ಗುಳ್ಳೆಗಳನ್ನು ನೋಡಿದ್ದಾರೆ. ಆಮೇಲೆ ಹಿಡಿಕೆಯ ಮೇಲಿದ್ದ ಕೆಂಪು ಟೋಪಿ ಕಣ್ಣಿಗೆ ಬಿದ್ದಿದೆ. ಅದನ್ನು ಈ ಊರಿನ ಬೆಸ್ತರ ವೇಷವೆಂದು ತಿಳಿದು, ತಲೆಗೆ ಹಾಕಿಕೊಂಡು, ಹಿಂದೆ ಅರಮನೆಯ ಗುಡ್ಡ ಬರುವ ಹಾಗೆ ತಾವೇ ಫೋಟೋ ತೆಗೆದುಕೊಂಡಿದ್ದಾರೆ. ಹೆಂಡತಿಗೆ ಕಳಿಸಿದ್ದಾರೆ. ಟೋಪಿ ತಲೆಯಲ್ಲೇ ಉಳಿದಿದೆ. ನಂತರ ಇನ್ನೊಂದು ಪಕ್ಕಕ್ಕೆ ಹೋಗಿ ಗುಡ್ಡದ ಚಿತ್ರ ತೆಗೆಯುತ್ತಾ ನಿಂತಿದ್ದಾರೆ. ಆ ಹೊತ್ತಿಗೆ ಸಿಲ್ವೆಸ್ತ್ರ್ ನೀರಿನ ಪೈಪು ಎಳೆದುಕೊಂಡು ಒಳಗಿನಿಂದ ಬಂದ. ಹಿಡಿಕೆ ಬರಿದಾಗಿತ್ತು. ಲುಡೊ ಮೇಲೆ ಬಂದ, ಟೋಪಿ ತೆಗೆದುಕೊಂಡು ಹೋದ ಎಂದೇ ಅವನು ತಿಳಿದ. ಕೆಳಗೆ ಕಣ್ಣು ಹಾಯಿಸಲಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ನಾನಾಗಿದ್ದರೂ ನೋಡುತ್ತಿರಲಿಲ್ಲ. ಟೋಪಿ ನೋಡಿ ನೋಡಿ ನಾವೆಲ್ಲ ನೀರು ನೋಡುವುದನ್ನು ಬಿಟ್ಟಿದ್ದೆವು. ಸರಪಳಿ ಬಿಗಿ ಮಾಡಲೆಂದು ಸಿಲ್ವೆಸ್ತ್ರ್ ಹಿಡಿಕೆ ಎಳೆದ.

ಯಂತ್ರ ಗುರ್‌ಗುಟ್ಟಿದ ಶಬ್ದ ದಕ್ಕೆಗೆ ಕೇಳಿಸಿತು. ಅದರ ಬೆನ್ನಲ್ಲೇ ಒನೊರೆ ಕೂಗಿದ. ಮಾತಲ್ಲ, ಬರೀ ಕೂಗು. ಆಮೇಲೆ “ನಿಲ್ಸೋ! ನಿಲ್ಸೋ ಹಾಳಾದವನೇ, ಕೆಳಗವನೆ!” ಎಂದದ್ದು ಸ್ಪಷ್ಟವಾಗಿ ಕೇಳಿಸಿತು. ಯಂತ್ರ ಓಡಿದ್ದು ನಾಲ್ಕೈದು ಸೆಕೆಂಡು ಇರಬಹುದು. ಬಿಗಿಯಾದ ಸರಪಳಿಯ ಮುಂದೆ ಒಂದು ಸೆಕೆಂಡೂ ಹೆಚ್ಚು.

ಒನೊರೆ ಹಾಕಿದ್ದ ಬಟ್ಟೆಯಲ್ಲೇ ನೀರಿಗೆ ಹಾರಿದ. ಐವತ್ತೆಂಟು ವರ್ಷದವನು, ಹೃದಯದ ನಾಳಕ್ಕೆ ಸ್ಪ್ರಿಂಗ್ ಹಾಕಿಸಿಕೊಂಡವನು, ಸಿಲಿಂಡರಿಲ್ಲದೆ ಮೂರು ಸಲ ಮುಳುಗಿದ. ಮೂರನೇ ಸಲ ಲುಡೊನನ್ನು ಕತ್ತಿನ ಪಟ್ಟಿ ಹಿಡಿದು ತಂದ. ದೋಣಿಗೆ ಎಳೆದು ಹಾಕಿಕೊಂಡು ದಕ್ಕೆಗೆ ಬಂದ. ನಾನು ಮೆಟ್ಟಿಲಿಗೆ ಇಳಿದು ಕಾಲು ಹಿಡಿದೆ. ಇಬ್ಬರೂ ಸೇರಿ ಕಲ್ಲಿನ ಮೇಲೆ ಮಲಗಿಸಿದೆವು.

ಎರಡು ಸರಪಳಿಗಳ ನಡುವೆ ಅವನು ಸಿಕ್ಕಿಕೊಂಡಿದ್ದ. ರಬ್ಬರ್ ಉಡುಪು ಎದೆಯ ಅಡ್ಡಕ್ಕೆ ಸೀಳಿತ್ತು. ಒಳಗೆ ಎದೆ ಎಂಬುದು ಇದ್ದ ಆಕಾರದಲ್ಲಿ ಇರಲಿಲ್ಲ. ಬಲಗೈ ಮೊಣಕೈಯಿಂದ ಕೆಳಗೆ ಚರ್ಮದಲ್ಲಿ ಮಾತ್ರ ನಿಂತಿತ್ತು. ಬಾಯಿಯಿಂದ ನೀರು ಬಂತು, ಆಮೇಲೆ ರಕ್ತ ಬಂತು, ಆಮೇಲೆ ಏನೂ ಬರಲಿಲ್ಲ. ನಾನೇ ಎಳೆದು ಹಾಕಿದ್ದ ಜಿಪ್ ಹಾಗೆಯೇ ಇತ್ತು. ಒನೊರೆ ಅವನ ಎದೆ ಒತ್ತಲು ಹೋಗಿ, ಕೈಯಿಟ್ಟ ಕಡೆಯೆಲ್ಲ ಒಳಕ್ಕೆ ಕುಸಿದದ್ದರಿಂದ ಕೈ ತೆಗೆದ. ಅಣ್ಣನ ಮುಖವನ್ನು ನಾನು ಆಗ ನೋಡಿದೆ. ಅಪ್ಪ ಸತ್ತಾಗ ಅವನಿಗೆ ಇಪ್ಪತ್ತೆರಡು, ಲುಡೊನಿಗೆ ಎಂಟು. ಮಗನ ಹಾಗೆ ಸಾಕಿದ್ದ.

ಆಗ ಸಿಲ್ವೆಸ್ತ್ರ್ ಮೂತಿಯಿಂದ ನೌಕೆಯ ಪಕ್ಕದ ನಡೆಹಾದಿಯಲ್ಲಿ ಅರ್ಧದವರೆಗೆ ಓಡಿ ಬಂದು ಕಂಬಿ ಹಿಡಿದು ಕೂಗಿದ. “ನಾನೇ ಎಳೆದೆ ಒನೊರಣ್ಣಾ! ಟೋಪಿ ಇರ್ಲಿಲ್ಲ! ದೇವರಾಣೆ ಟೋಪಿ ಇರ್ಲಿಲ್ಲ ಅಣ್ಣಾ! ಅವರು ಫೋಟೋಗೆ ಹಾಕ್ಕೊಂಡಿದ್ದಾರೆ!” ಅಲ್ಲೇ ಕುಸಿದು ಕುಳಿತ. ಈ ಮಾತುಗಳನ್ನು ಒಂದಕ್ಷರ ಬಿಡದೆ ಬರೆದುಕೊಳ್ಳಿ. ಅಣ್ಣ ಕೇಳಿಸಿಕೊಂಡ. ನಾನೂ ಕೇಳಿಸಿಕೊಂಡೆ.

ಪಿಖ್ಲರ್ ಅವರು ನೌಕೆಯ ಹಿಂಭಾಗಕ್ಕೆ ಬಂದು ನಿಂತರು. ಏನಾಗಿದೆ ಎಂದು ಅವರಿಗೆ ಅರ್ಥವಾಗಿರಲಿಲ್ಲ, ಯಾರಿಗೋ ಪೆಟ್ಟಾಗಿದೆ ಎಂದು ಮಾತ್ರ ತಿಳಿದಿತ್ತು. ಟೋಪಿ ಅವರ ತಲೆಯ ಮೇಲೆಯೇ ಇತ್ತು. ಒನೊರೆ ತಲೆ ಎತ್ತಿ ನೋಡಿದ. ದೋಣಿಯಿಂದ ಕಬ್ಬಿಣದ ಕೊಕ್ಕೆಯ ಉದ್ದ ಕೋಲು ತೆಗೆದುಕೊಂಡು ಹಲಗೆಯ ಮೇಲೆ ನಡೆದು ಹೋದ. ಓಡಲಿಲ್ಲ. ಅವನ ಒದ್ದೆ ಬಟ್ಟೆಯಿಂದ ನೀರು ಸುರಿಯುತ್ತಿತ್ತು.

“ಆ ಟೋಪಿ ಯಾರದ್ದು?” ಎಂದು ಕೇಳಿದ.

ಪಿಖ್ಲರ್ ಅವರು ಆಗ ತಲೆ ಮುಟ್ಟಿ ನೋಡಿಕೊಂಡರು. ಟೋಪಿ ತೆಗೆದು ಎರಡೂ ಕೈಗಳಲ್ಲಿ ಹಿಡಿದು ಮುಂದೆ ಚಾಚಿದರು. “ಕ್ಷಮಿಸಿ, ಇದು… ಫೋಟೋಗೆ ತಗೊಂಡೆ, ಚೆನ್ನಾಗಿತ್ತು, ವಾಪಸ್ ಇಡ್ತೀನಿ,” ಎಂದರು. ಅವರು ಕೈಯೆತ್ತಲಿಲ್ಲ, ತಳ್ಳಲಿಲ್ಲ, ಬೈಯಲಿಲ್ಲ. ಅಣ್ಣ ಮೊದಲನೇ ಏಟು ಹಾಕಿದಾಗ ಅವರ ಎರಡೂ ಕೈಗಳಲ್ಲಿ ಟೋಪಿ ಇತ್ತು.

ಮೊದಲ ಏಟು ಭುಜಕ್ಕೆ ಬಿತ್ತು. ಎರಡನೆಯದು ಕಿವಿಯ ಮೇಲೆ. ಅವರು ಬಿದ್ದರು.

ಈಗ ಹಲಗೆಯ ವಿಷಯ. ಕ್ಯಾಪ್ಟನ್ ಪಕ್ಕದ ನೌಕೆಯವನ ಜೊತೆ ಜಗಳ ಮಾಡಲು ದಕ್ಕೆಗೆ ಇಳಿದು ಇಪ್ಪತ್ತು ಮೀಟರ್ ದೂರ ಹೋಗಿದ್ದರು. ಎರಡನೇ ಏಟು ಬೀಳುವಾಗ ಅವರೂ, ಪಕ್ಕದ ನೌಕೆಯ ಇಬ್ಬರು ಆಳುಗಳೂ ಓಡಿ ಬರುತ್ತಿದ್ದರು. ನಾನು ಲುಡೊನ ತಲೆಯನ್ನು ತೊಡೆಯಿಂದ ಕೆಳಗಿಳಿಸಿ, ಎದ್ದು, ಹಲಗೆಯ ತುದಿ ಎತ್ತಿದೆ. ಅದಕ್ಕೆ ದಕ್ಕೆಯ ಕಡೆ ಚಕ್ರಗಳಿವೆ, ನೌಕೆಯ ಕಡೆ ಎರಡು ಗೂಟಗಳಿವೆ. ಮೇಲಕ್ಕೆತ್ತಿದರೆ ಬಿಚ್ಚಿಕೊಳ್ಳುತ್ತದೆ. ಎಷ್ಟೋ ಸಲ ಮಾಡಿದ ಕೆಲಸ, ಕೈಗೆ ದಾರಿ ಗೊತ್ತಿತ್ತು. ಬಿಚ್ಚಿ ನನ್ನ ಕಡೆ ಎಳೆದುಕೊಂಡೆ.

ಅದು ಜಾರಲಿಲ್ಲ. ನಾನು ಎಳೆದುಕೊಂಡೆ.

ಕ್ಯಾಪ್ಟನ್ ಬಂದು, “ಏನ್ ಮಾಡ್ತಿದ್ದೀರ್ರೀ? ಹಾಕ್ರೀ ಅದನ್ನ! ಕೊಂದ್ಹಾಕ್ತಾನೆ!” ಎಂದು ಹಲಗೆಗೆ ಕೈ ಹಾಕಿದರು. ನಾನು ಅದನ್ನು ಅಡ್ಡ ಬೀಸಿದೆ. ಅವರ ಮುಂಗೈಗೆ ತಗುಲಿತು. ಅವರ ಕೈಯ ಪಟ್ಟಿಗೆ ಕಾರಣ ಅದು, ಅವರು ಗಲಾಟೆಯಲ್ಲಿ ಬಿದ್ದದ್ದಲ್ಲ. ಅವರು ನಿಮಗೆ ಹಾಗೆ ಹೇಳಿದ್ದರೆ ನನ್ನ ಮೇಲಿನ ಕನಿಕರದಿಂದ ಹೇಳಿದ್ದಾರೆ. ಆಳುಗಳಲ್ಲಿ ಒಬ್ಬ ಹಾರಿ ದಾಟಲು ಹಿಂದೆ ಸರಿದು ಓಟ ಹಿಡಿದ. ಅವನನ್ನು ಭುಜದಿಂದ ತಳ್ಳಿ ನೀರಿಗೆ ಕೆಡವಿದೆ. ಅವನು ಬೇರೆ ನೌಕೆಯ ಹಗ್ಗ ಹಿಡಿದು ಹತ್ತಿಕೊಂಡ. ಆಮೇಲೆ ಹಲಗೆಯನ್ನು ನೀರಿಗೆ ನೂಕಿದೆ. ಅದು ಮುಳುಗಿತು.

ಇಷ್ಟು ಹೊತ್ತೂ ಅಲ್ಲಿ ಏಟು ಬೀಳುತ್ತಲೇ ಇತ್ತು. ಕೋಲು ಮುರಿದ ಮೇಲೆ ಅಣ್ಣ ಮುಷ್ಟಿಯಿಂದ ಹೊಡೆದ. ಅವರ ಎದೆಯ ಮೇಲೆ ಮಂಡಿಯೂರಿ, ಎರಡೂ ಕಿವಿ ಹಿಡಿದು, ತಲೆಯನ್ನು ತೇಗದ ಮರದ ನೆಲಕ್ಕೆ ಕುಟ್ಟಿದ. ಒಣ ತೆಂಗಿನಕಾಯಿ ಕುಟ್ಟಿದ ಶಬ್ದ ಬಂತು. ಅವರು ಒಮ್ಮೆ ಮುಖ ದಕ್ಕೆಯ ಕಡೆ ತಿರುಗಿಸಿ ನನ್ನನ್ನು ನೋಡಿದರು. ಒಂದು ಕಣ್ಣು ಆಗಲೇ ಮುಚ್ಚಿತ್ತು. “ಮದಾಮ್,” ಎಂದರು. ಆ ಜನರಲ್ಲಿ ಅವರಿಗೆ ಪರಿಚಯದವಳು ನಾನೊಬ್ಬಳೇ ಆಗಿದ್ದೆ. ನಾನು ಅವರನ್ನೇ ನೋಡುತ್ತಾ ನಿಂತಿದ್ದೆ. ಅವರು ಸಾಯಬೇಕು ಎಂದು ಆ ಕ್ಷಣದಲ್ಲಿ ನನಗೆ ಅನ್ನಿಸಿತ್ತು. ಅನ್ನಿಸಿತ್ತು ಎಂದರೆ ಸಾಲದು, ಬೇಕಾಗಿತ್ತು. ಮುಂದೆ ಹೋಗಿ ನೋಡಿ ಎಂದು ಕಳಿಸಿದ ನನ್ನ ಬಾಯಿಯನ್ನು ಮುಚ್ಚಿಸಲು ಅವರ ಬಾಯಿ ಮುಚ್ಚಬೇಕಾಗಿತ್ತು.

ಎಷ್ಟು ಹೊತ್ತು ಎಂದು ತಾವು ಕೇಳಿದ್ದೀರಿ. ಗಡಿಯಾರ ನೋಡುವಷ್ಟು ಬುದ್ಧಿ ನೆಟ್ಟಗಿರಲಿಲ್ಲ. ತಮ್ಮ ಸಿಬ್ಬಂದಿ ಇನ್ನೊಂದು ನೌಕೆಯ ಹಲಗೆ ಎತ್ತಿಕೊಂಡು ಬರುವಷ್ಟು ಹೊತ್ತು. ಅವರು ಹತ್ತುವಾಗ ಅಣ್ಣ ತಾನಾಗಿಯೇ ನಿಲ್ಲಿಸಿ, ಪಕ್ಕದಲ್ಲಿ ಕುಳಿತು, ಟೋಪಿಯನ್ನು ಹಿಂಡುತ್ತಿದ್ದ. ಅದರಲ್ಲಿ ನೀರಿರಲಿಲ್ಲ.

ಅದೇ ದಿನ ಸಂಜೆ ತಾವು ಕೇಳಿದಾಗ ಹಲಗೆ ಜಾರಿತು ಎಂದೆ. ತಾವು ತಲೆಯಾಡಿಸಿ ಬರೆದುಕೊಂಡಿರಿ. ತಮ್ಮನ ರಕ್ತ ಲಂಗದ ಮೇಲೆ ಒಣಗಿದ್ದವಳನ್ನು ಯಾರು ಅನುಮಾನಿಸುತ್ತಾರೆ?

ನಿನ್ನೆ ಬುಧವಾರ ಅತ್ತಿಗೆ ಜಿನೆಟ್, ಅಂದರೆ ಒನೊರೆಯ ಹೆಂಡತಿ, ನಮ್ಮ ಮನೆಗೆ ಬಂದಳು. ವಕೀಲರನ್ನು ನೋಡಿ ಬಂದಿದ್ದಳು. “ನೋಡು ಡೆವೋಟಾ, ಅಳೋದಕ್ಕೆ ಆಮೇಲೆ ಟೈಮಿದೆ. ವಕೀಲರು ಹೇಳಿದ್ದು ಒಂದೇ ಮಾತು. ಆ ಮನುಷ್ಯನೇ ಹಿಡಿಕೆ ಎಳೆದ ಅಂತ ಇವರು ತಿಳ್ಕೊಂಡಿದ್ರು. ಕಣ್ಣೆದುರಿಗೆ ತಮ್ಮನ್ನ ಕೊಂದವನು ಇವನೇ ಅಂತ ತಪ್ಪು ತಿಳ್ಕೊಂಡು ಹೊಡೆದ್ರು. ಹಾಗಿದ್ರೆ ಶಿಕ್ಷೆ ಅರ್ಧಕ್ಕರ್ಧ ಇಳಿಯುತ್ತಂತೆ,” ಎಂದಳು.

“ಸಿಲ್ವೆಸ್ತ್ರ್ ಕೂಗಿದ್ದು?” ಎಂದೆ.

“ಸಿಲ್ವೆಸ್ತ್ರ್ ಬಾಯಿ ಬಿಡಲ್ಲ. ಅವನಿಗೂ ತನ್ನ ತಲೆ ಉಳಿದ್ರೆ ಸಾಕಾಗಿದೆ. ಕ್ಯಾಪ್ಟನ್ ದೂರ ಇದ್ರು, ಕೇಳಿಸ್ಲಿಲ್ಲ. ಕೇಳಿಸ್ಕೊಂಡವಳು ನೀನೊಬ್ಳೇ.”

ಮತ್ತೆ ಅವಳೇ, “ಯಾರೋ ಊರು ನೋಡೋಕೆ ಬಂದವನಿಗೋಸ್ಕರ ಅಣ್ಣನ್ನ ಜೈಲಲ್ಲಿ ಕೊಳೆಸ್ತೀಯಾ? ಒಬ್ಬನ್ನ ಕಳ್ಕೊಂಡಿದ್ದು ಸಾಲ್ದಾ?” ಎಂದಳು. ಅವಳ ಮಾತಿನಲ್ಲಿ ತಪ್ಪಿಲ್ಲ. ಹೇಳುವುದಿಲ್ಲ, ನೀನು ಹೋಗಿ ಮಲಗು ಎಂದು ಮಾತು ಕೊಟ್ಟೆ. ಆ ಮಾತನ್ನು ಈಗ ಮುರಿಯುತ್ತಿದ್ದೇನೆ ಎಂಬುದೂ ಕಾಗದದಲ್ಲಿರಲಿ.

ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ಲುಡೊನ ದೇಹಕ್ಕೆ ಬಟ್ಟೆ ಕೊಡಲು ಆಸ್ಪತ್ರೆಗೆ ಹೋದೆ. ಶವಾಗಾರದ ಹೊರಗೆ ಒಂದೇ ಬೆಂಚು ಇದೆ. ಅಲ್ಲಿ ಒಬ್ಬ ವಯಸ್ಸಾದ ಹೆಂಗಸು ಊರುಗೋಲು ಹಿಡಿದು ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ. ಅವರು ಪಿಖ್ಲರ್ ಅವರ ಹೆಂಡತಿ ವಾಲ್ಟ್ರೌಟ್. ನಿನ್ನೆ ರಾತ್ರಿ ರೈಲಿಗೆ ಬಂದು, ಬೆಳಗಿನ ಜಾವ ಗಂಡನ ಕೈ ಹಿಡಿದು ಕುಳಿತಿದ್ದಾಗ ಅವರು ಹೋದರು ಎಂದು ತಮಗೆ ಬಂದಷ್ಟು ಫ್ರೆಂಚಿನಲ್ಲಿ ಹೇಳಿದರು. ನಾನು ಯಾರೆಂದು ಕೇಳಿದರು. ಸುಳ್ಳು ಹೇಳಲು ಹೊಳೆಯದೆ, ಸತ್ತ ಲಂಗರಿನವನ ಅಕ್ಕ ಎಂದೆ.

ಅವರು ನನ್ನ ಮೇಲೆ ಕೂಗಾಡುತ್ತಾರೆ, ಉಗುಳುತ್ತಾರೆ ಎಂದುಕೊಂಡೆ. ಉಗುಳಿದ್ದರೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

“ನನ್ನ ಗಂಡನಿಂದ ನಿಮ್ಮ ತಮ್ಮ ಹೋದ್ರು. ಪೊಲೀಸ್ನೋರು ಎಲ್ಲಾ ಹೇಳಿದ್ರು. ಅವರು ಯಾವಾಗ್ಲೂ ಹೀಗೇ, ಏನ್ ಕಂಡ್ರೂ ಮುಟ್ಟಬೇಕು. ನಾನು ಜೊತೇಲಿ ಇದ್ದಿದ್ರೆ ಕೈ ಮೇಲೆ ಒಂದು ಹೊಡೀತಿದ್ದೆ,” ಎಂದರು. ಆಮೇಲೆ, “ಒಂದು ಕೇಳ್ತೀನಿ. ಅಲ್ಲಿ ಅಷ್ಟು ಜನ ಇದ್ರಲ್ಲ, ಯಾರೂ ಬಿಡಿಸ್ಲಿಲ್ವಾ?” ಎಂದರು.

“ಹಲಗೆ ಇರ್ಲಿಲ್ಲ,” ಎಂದೆ.

“ಹೂಂ, ಜಾರಿ ಬಿತ್ತಂತೆ. ಹೇಳಿದ್ರು. ನಮ್ಮ ಹಣೆಬರಹ ನೋಡಿ. ಇಷ್ಟು ದೊಡ್ಡ ಊರು, ಇಷ್ಟು ಶ್ರೀಮಂತಿಕೆ, ಒಂದು ಹಲಗೆ ಗಟ್ಟಿಯಾಗಿ ಕೂರಿಸಿರ್ಲಿಲ್ಲ,” ಎಂದು ಹೇಳಿ, ನನ್ನ ಕೈಯನ್ನು ಇನ್ನೂ ಬಿ​ಗಿಯಾಗಿ ಹಿಡಿದುಕೊಂಡು ಅತ್ತರು. ಯಾರನ್ನೂ ದೂರಲಿಲ್ಲ. ಹಲಗೆಯನ್ನು ಮಾತ್ರ ದೂರಿದರು. ಹಲಗೆ ಎಳೆದ ಕೈ ಅವರ ಕೈಯಲ್ಲೇ ಇತ್ತು. ಬಿಡಿಸಿಕೊಳ್ಳಲು ನನ್ನಿಂದ ಆಗಲಿಲ್ಲ. ಒಳಗಿನಿಂದ ಅವರನ್ನು ಕರೆದ ಮೇಲೆ ಎದ್ದು, ಬಟ್ಟೆಯ ಗಂಟನ್ನು ಬೆಂಚಿನ ಮೇಲೆಯೇ ಬಿಟ್ಟು, ನೇರವಾಗಿ ಇಲ್ಲಿಗೆ ಬಂದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನನಗೂ ಗೊತ್ತು. ಇದನ್ನು ಹೇಳಿದ್ದರಿಂದ ಲುಡೊ ಏಳುವುದಿಲ್ಲ, ಆ ಹೆಂಗಸಿಗೆ ಗಂಡ ಸಿಗುವುದಿಲ್ಲ, ಅತ್ತಿಗೆ ನನ್ನ ಹೊಸ್ತಿಲು ತುಳಿಯುವುದಿಲ್ಲ. ಆದರೂ ಎರಡು ಮಾತು ಸ್ಪಷ್ಟವಾಗಿ ಬರೆದುಕೊಳ್ಳಬೇಕು. ಒಂದು: ಹಿಡಿಕೆ ಎಳೆದವನು ಯಾರು ಎಂಬುದು ಒನೊರೆಗೆ ತಿಳಿದಿತ್ತು. ತಪ್ಪು ತಿಳಿದು ಹೊಡೆದದ್ದಲ್ಲ. ಇನ್ನೊಂದು: ಅವನು ಒಬ್ಬನೇ ಕೊಲ್ಲಲಿಲ್ಲ. ಎರಡನೇ ಏಟಿನ ನಂತರ ಬಿಡಿಸಲು ಮೂವರು ಬಂದಿದ್ದರು. ಡಾಕ್ಟರು ಹೇಳಿದರೆಂದು ತಾವು ತಿಳಿಸಿದ ಪ್ರಕಾರ ಪ್ರಾಣ ತೆಗೆದದ್ದು ಆಮೇಲಿನ ಏಟುಗಳು. ಆ ಏಟುಗಳಿಗೆ ಜಾಗ ಮಾಡಿಕೊಟ್ಟವಳು ನಾನು. ಅಣ್ಣನ ಹೆಸರು ಬರೆದ ಸಾಲಿನಲ್ಲೇ ನನ್ನ ಹೆಸರನ್ನೂ ಬರೆಯಬೇಕೆಂದು ಕೋರುತ್ತೇನೆ. ಹೊರಗೆ ಉಳಿದು ಅವನಿಗೆ ಊಟದ ಡಬ್ಬಿ ಹೊರುವ ತಂಗಿ ನಾನಲ್ಲ.

ಇಷ್ಟನ್ನೂ ಅಧಿಕಾರಿಗಳು ನನಗೆ ಎರಡು ಸಲ ಓದಿ ಹೇಳಿದ್ದಾರೆ. ಯಾರ ಒತ್ತಾಯವೂ ಇಲ್ಲದೆ, ನಾನು ಕಂಡದ್ದನ್ನು, ಕೇಳಿದ್ದನ್ನು, ಮಾಡಿದ್ದನ್ನು ಹೇಳಿದ್ದೇನೆ. ಮಂಗಳವಾರದ ಹೇಳಿಕೆಯ ಬದಲು ಇದನ್ನೇ ನನ್ನ ಮಾತೆಂದು ತಿಳಿಯಬೇಕು. ಅಣ್ಣ ಪಕ್ಕದ ಕೋಣೆಯಲ್ಲಿದ್ದಾನೆ, ಸಹಿ ಮಾಡುವ ಮೊದಲು ಒಮ್ಮೆ ನೋಡುತ್ತೀರಾ ಎಂದು ಅಧಿಕಾರಿಗಳು ಕೇಳಿದರು. ಬೇಡ ಎಂದೆ. ನೋಡಿದರೆ ಸಹಿ ಮಾಡಲಾರೆ.

ಸ್ಥಳ: ಬಂದರು ಠಾಣೆ, ಮೊನಾಕೊ
ದಿನಾಂಕ: ಮೇ ಇಪ್ಪತ್ತೆರಡು, ಗುರುವಾರ

(ಸಹಿ) ಡೆವೋಟಾ ಲಂತೇರಿ